ಉಡಿಗೆ ಬಂದ ಪಾಟಿ

ನಿಮ್ಮ ಮನೆಯ ಮಗಳೋ ಸೊಸೆಯೋ ದಿನವಿಡೀ ಏನು ಕೆಲಸ ಮಾಡುತ್ತಾಳೆಂದು ಅವಳ ಬಾಯಿಂದಲೇ ಎಂದಾದರೂ ಕೇಳಿ ತಿಳಿದಿದ್ದೀರಾ? ಅವಳು ಸಂಜೆ ಎಷ್ಟು ಹೊತ್ತಿಗೆ ಮನೆ ಸೇರಬೇಕೆಂಬುದನ್ನು ನೀವು ಚೆನ್ನಾಗಿ ಬಲ್ಲಿರಿ. ಅವಳು ನಿಂತು ಬರೆಯುತ್ತಾಳೋ, ಕೂತು ಬರೆಯುತ್ತಾಳೋ... ಅದನ್ನು ಬಲ್ಲಿರಾ?

ಗೋಗಿ ಎಂಬ ಊರಿನ ಲಿಂಗಣ್ಣನಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬ ನಾಚಿಕೆಯೂ ಅವನಿಗೆ ಇರಲಿಲ್ಲ.

ಮುಂಗಾರಿನ ಮೊದಲ ಬಿತ್ತನೆ ಮುಗಿದಿದ್ದ ದಿನಗಳು. ತಂಗಿ ಗುರುದೇವಿಯನ್ನು ಕರೆದುಕೊಂಡು ಅವನು ಯಾದಗಿರಿಯ ಸ್ಟೇಷನ್ ರಸ್ತೆಯ ಕಂಪ್ಯೂಟರ್ ಅಂಗಡಿಯೊಂದಕ್ಕೆ ಬಂದಿದ್ದ.

"ನಮ್ಮ ತಂಗೀಗಿ ಒಂದು ಕಂಪ್ಯೂಟರ್ ಬೇಕಾಗ್ಯಾದ್ರಿ. ಸಣ್ಣದು ಸಾಕು. ಹೆಣ್ಮಗಳು, ಏನ್ ದೊಡ್ಡ ಕೆಲಸ ಇರತದ?"

ಕೌಂಟರಿನ ಹಿಂದೆ ಕೂತಿದ್ದ ಯುವಕ, ಬಿಚ್ಚಿಟ್ಟ ಯಂತ್ರದಿಂದ ತಲೆಯೆತ್ತಿದ. ಅವನ ಹೆಸರು ವಿಶ್ವರಾಧ್ಯ, ಊರು ಸುರಪುರ, ಅಂಗಡಿ ಅವನದೇ.

"ಏನ್ ಕೆಲಸ ಮಾಡ್ತಾರ್ರಿ ಅವರು?"

"ಹೊಲ ತಿರಗತಾಳ. ಹುಳ ನೋಡತಾಳ."

"ಹುಳ ನೋಡಿ?"

"ನೋಡಿ ಮನೀಗಿ ಬರತಾಳ."

ವಿಶ್ವರಾಧ್ಯನ ತುಟಿಯಂಚಿನಲ್ಲಿ ನಗು ಮೂಡಿ ಅಲ್ಲಿಯೇ ಅಡಗಿತು. ಅವನು ಲಿಂಗಣ್ಣನನ್ನು ಬಿಟ್ಟು ನೇರವಾಗಿ ಅವಳತ್ತ ತಿರುಗಿದ.

"ಅಣ್ಣಾರು ಹೇಳಿದ್ದು ತಿಳೀತು. ಈಗ ನೀವು ಹೇಳ್ರಿ. ಕೆಲಸ ನಿಮ್ಮದಲ್ಲ?"

ಗುರುದೇವಿ ರೂಢಿಯಂತೆ ಅಣ್ಣನ ಮುಖ ನೋಡಿದಳು.

ಬಹಳ ಹೊತ್ತು ಮಡಚಿ ಕೂತ ಕಾಲು ಜೋಮು ಹಿಡಿಯುವುದನ್ನು ನೀವು ಬಲ್ಲಿರಿ. ಅದು ನೋಯುವುದಿಲ್ಲ, ಅದು ಇದೆ ಎಂಬುದೇ ತಿಳಿಯುವುದಿಲ್ಲ. ಗುರುದೇವಿಯ ಮನಸ್ಸು ಹಾಗಿತ್ತು. ಯಾವ ಕಾಲೇಜು, ಯಾವ ವಿಷಯ, ಯಾವ ಬಸ್ಸು, ಯಾವ ಸೀರೆ... ಎಲ್ಲಕ್ಕೂ ಬೇರೆಯವರೇ ಉತ್ತರ ಕೊಟ್ಟು ಕೊಟ್ಟು, ಅವಳ ಒಳಗೆ ಒಂದು ಭಾಗ ಸದ್ದಿಲ್ಲದೆ ಜೋಮು ಹಿಡಿದಿತ್ತು. ಅವಳಿಗೆ ದುಃಖವಿರಲಿಲ್ಲ. ಏನೂ ಇರಲಿಲ್ಲ.

ಹತ್ತಿಯ ಹೊಲವೊಂದೇ ಅದಕ್ಕೆ ಹೊರತು. ಯಾದಗಿರಿಯ ಖಾಸಗಿ ಬೆಳೆ ಸಲಹಾ ಕೇಂದ್ರದಲ್ಲಿ ಅವಳು ಕೀಟ ಸಮೀಕ್ಷಕಿ. ಅಲ್ಲಿ ಅವಳ ಪರವಾಗಿ ಉತ್ತರಿಸಲು ಯಾರಿಗೂ ಬಾರದು.

"ಮುಂಜಾನಿ ಗಿಡದ ನಡುವ ನಿಂತು ಹೂ, ಕಾಯಿ ನೋಡ್ತೀನ್ರಿ," ಅವಳು ಮೆಲ್ಲಗೆ ಆರಂಭಿಸಿದಳು. "ಫೋಟೋ ತಗೀತೀನಿ. ಎಲಿ ಮ್ಯಾಲಿನ ಕಲಿ ಎಲ್ಲೆಲ್ಲಿ ಅವ ಅಂತ ಚಿತ್ರ ಬರೀತೀನಿ. ಮಧ್ಯಾಹ್ನ ಬದುವಿನ ಮ್ಯಾಲ ಕುಂತು ಸಲಹಾ ಬರೀಬೇಕು. ಅದನ್ನ ಊರೂರಿಗಿ ಕಳಸತಾರ. ಓದಿದವರಿಗಿ ತಿಳೀಬೇಕು, ಓದಿ ಹೇಳಿಸಿಕೊಂಡವರಿಗೂ ತಿಳೀಬೇಕು. ಅದಕ್ಕ ಉದ್ದ ಬರೀತೀನಿ."

ಲಿಂಗಣ್ಣ ತಂಗಿಯನ್ನು ಹೊಸಬಳನ್ನು ನೋಡಿದಂತೆ ನೋಡಿದ. ಬಳಿಕ ಹೊರಗೆ ಚಹಾ ಕುಡಿಯಲು ಹೋದ.

"ಹಂಗಾದ್ರ ಟ್ಯಾಬೇ ಸಾಕ್ರಿ ನಿಮಗ," ಎಂದು ವಿಶ್ವರಾಧ್ಯ ಟ್ಯಾಬ್ ಒಂದನ್ನು ಅವಳ ಕೈಗಿಟ್ಟ. "ಹಗೂರ. ಮುಟ್ಟಿದ ಕೂಡ್ಲೇ ಎಚ್ಚರಾಗತದ. ಒಳಗೇ ಸಿಮ್ ಹಾಕಬಹುದು. ಸಂಜೀ ತನಕ ಚಾರ್ಜ್ ನಿಲ್ಲತದ. ಒಳಗ ಫ್ಯಾನ್ ಇಲ್ಲ, ನಮ್ಮ ಧೂಳು ಹೋಗೂದಿಲ್ಲ. ಎಡಗೈ ಮ್ಯಾಲ ಇಟ್ಟು ಹೊಲ ತುಂಬಾ ಅಡ್ಡಾಡ್ರಿ."

ಅವಳು ಎಡ ಮುಂಗೈಯ ಮೇಲಿಟ್ಟು ನೋಡಿದಳು. ಹಗುರವೇ ಆಗಿತ್ತು. ಬೆರಳಿನಿಂದ ನಾಲ್ಕು ಮಾತು ಬರೆದಳು. ಅಕ್ಷರದ ಮನೆಗಳೇ ಅರ್ಧ ಗಾಜನ್ನು ಆಕ್ರಮಿಸಿದವು; ಬರೆದದ್ದು ಮೇಲೊಂದು ಪಟ್ಟಿಯಷ್ಟಕ್ಕೆ ಸರಿಯಿತು.

"ಹಿಂದ ಏನ್ ಬರದೀನಿ ಅಂತ ಕಾಣವಲ್ದು."

"ಬ್ಯಾರೆ ಕೀಬೋರ್ಡ್ ಹಚ್ಚಬಹುದ್ರಿ."

"ಎಲ್ಲಿಡಲಿ? ಬದುವಿನ ಮ್ಯಾಲ ಕುಂತಾಗ ತೊಡೀ ಮ್ಯಾಲ ನಿಲ್ಲೂದಿಲ್ಲ ಅದು. ನಮ್ಮ ಆಫೀಸಿನ್ಯಾಗ ನೋಡೀನಿ. ಹಿಂದಕ್ಕ ಬೀಳತದ."

ಅವನು ಕಪಾಟಿನಿಂದ ಕಪ್ಪು ಲ್ಯಾಪ್‌ಟಾಪ್ ಒಂದನ್ನು ತೆಗೆದ. ಪರದೆಯನ್ನು ಹಿಡಿದು ಹಿಂದಕ್ಕೆ ಬಾಗಿಸಿದ. ಅದು ಕೀಲಿನ ಮೇಲೆ ಪೂರ್ತಿ ತಿರುಗಿ ಬೆನ್ನಿಗೆ ಬೆನ್ನು ಅಂಟಿತು. ಈಗ ಅದೊಂದು ಪಾಟಿ, ಶಾಲೆಯ ಮಕ್ಕಳ ಸ್ಲೇಟಿನಂತೆ. ಮತ್ತೆ ಬಿಚ್ಚಿದರೆ ಕೀಬೋರ್ಡು, ಎದುರಿಗೆ ಇಡೀ ಪುಟ.

"ಚಿತ್ರ ಬರಿಯಾಕ ಪೆನ್ನೂ ಅದ. ಆದ್ರ ಖರೇ ಹೇಳತೀನಿ, ಇದು ಭಾರ. ಬಿಸಿಲಿನ್ಯಾಗ ಕಾಯತದ. ಚಾರ್ಜ್ ಲಗೂ ಇಳೀತದ. ನಿಂತು ಹಿಡದ್ರ ತಾಟು ಹಿಡದಂಗ. ನಿಮಗ ಆಗೂದಿಲ್ಲ. ಜರಾ ಹೊತ್ತು ಹಿಡಕೊಂಡು ನಿಂದರ್ರಿ ನೋಡಾಮ್."

ಅಷ್ಟರಲ್ಲಿ ಬೇರೆ ಗಿರಾಕಿ ಬಂದರು. ಅವನು ಅತ್ತ ಹೋದ. ಮಾತು ಮುಗಿಸಿ ಮರಳಿ ಬಂದಾಗ ಗುರುದೇವಿ ಹಿಡಿದಲ್ಲೇ ಹಿಡಿದು ನಿಂತಿದ್ದಳು. ತುಟಿ ಬಿಗಿದಿತ್ತು. ಮೊಣಕೈ ಸಣ್ಣಗೆ ನಡುಗುತ್ತಿತ್ತು.

"ಕೈ ನಡಗಾಕತ್ತಾವ್ರಿ ನಿಮ್ಮವು."

"ನಡಗಲಿ. ಇದರಾಗ ಪೂರಾ ಬರಿಯಾಕ ಬರತದ."

ಅವನು ಅವಳನ್ನೇ ನೋಡುತ್ತ ನಿಂತ. ಆ ನೋಟದಲ್ಲಿ ವ್ಯಾಪಾರವಿರಲಿಲ್ಲ.

"ನೀವೇ ಗೆದ್ರಿ," ಎಂದ. "ಭಾರದ ವಿಚಾರ ನಾ ಮಾಡತೀನಿ."

ಚಹಾ ಮುಗಿಸಿ ಬಂದ ಲಿಂಗಣ್ಣ ಎರಡನ್ನೂ ನೋಡಿ, "ಸುಗ್ಗಿ ಬರಲಿ, ನೋಡಾಮ್," ಎಂದು ತಂಗಿಯನ್ನು ಹೊರಡಿಸಿದ. ಏನನ್ನೂ ಕೊಳ್ಳಲಿಲ್ಲ.

*

ಆಷಾಢ ಹಿಡಿಯುವ ಮೊದಲೇ ಸುರಪುರದಿಂದ ವಿಶ್ವರಾಧ್ಯನ ಕಡೆಯ ಹಿರಿಯರು ಹೆಣ್ಣು ಕೇಳಿ ಬಂದರು.

"ಹುಡುಗ ಚಲೋ ಅದಾನ. ಹೂಂ ಅಂದೀನಿ," ಎಂದ ಲಿಂಗಣ್ಣ. ತಂಗಿಯ ಒಪ್ಪಿಗೆಯನ್ನೂ ಅವನೇ ಕೊಟ್ಟುಬಿಟ್ಟಿದ್ದ! ಇಂಥ ಅಣ್ಣಂದಿರನ್ನು ನಾವು ಒಳ್ಳೆಯವರೆಂದೇ ಕರೆಯುತ್ತೇವೆ.

ಆದರೆ ಎರಡು ದಿನದ ಮೇಲೆ ವಿಶ್ವರಾಧ್ಯನೇ ಫೋನ್ ಮಾಡಿದ.

"ನಿಮಗ ಒಪ್ಪಿಗಿ ಅದ ಏನ್ರಿ? ಅಣ್ಣಾರದ್ದು ಕೇಳೀನಿ. ನಿಮ್ಮದು ಬೇಕು."

ಅವಳ ಎದೆಯಲ್ಲಿ ಸೂಜಿ ಚುಚ್ಚಿದಂತೆ ಏನೋ ಜುಮ್ಮೆಂದಿತು. ಜೋಮು ಬಿಡುವಾಗ ಹೀಗೇ ಆಗುವುದಲ್ಲವೇ?

"ಅದ್ರಿ."

"ಕೆಲಸ?"

"ಬಿಡೂದಿಲ್ರಿ."

"ಬಿಡಬ್ಯಾಡ್ರಿ. ಲಗ್ನ ಆದ ಮ್ಯಾಲ ಯಾದಗಿರ್‍ಯಾಗೇ ಮನಿ ಮಾಡಾಮ್. ಸಕ್ರಿ ಕಾರ್ಯದ ದಿವಸ ನಿಮ್ಮ ಉಡೀಗಿ ನಿಮ್ಮ ಕೆಲಸಾನೇ ಹಾಕಿ ಕಳಸತೀನಿ ನೋಡ್ರಿ."

ಆ ಒಂದು ಮಾತನ್ನು ಅವಳು ಶ್ರಾವಣದವರೆಗೆ ಎದೆಯಲ್ಲಿಟ್ಟುಕೊಂಡಳು. ಮದುವೆಯೆಂದರೆ ತನ್ನ ಕೆಲಸದ ಕೊನೆ ಎಂದು ಹೆದರಿದ್ದವಳಿಗೆ ಅದು ಮಾತಿಗಿಂತ ಹೆಚ್ಚಿನದಾಗಿತ್ತು, ಆಣೆಯಾಗಿತ್ತು.

ಸಕ್ಕರೆ ಕಾರ್ಯಕ್ಕೆ, ಅಂದರೆ ಮದುವೆಯ ನಿಶ್ಚಯಕ್ಕೆ, ಗಂಡು ಬರುವ ಪದ್ಧತಿ ಅವರಲ್ಲಿಲ್ಲ. ಸುರಪುರದಿಂದ ಹಿರಿಯರೇ ಬಂದರು. ಅವಳ ಮಡಿಲಿಗೆ ಉಡಿ ತುಂಬಿದವರು ವಿಶ್ವರಾಧ್ಯನ ಸೋದರತ್ತೆ ಬಸ್ಸಮ್ಮ. ತಾಯಿಯಿಲ್ಲದ ಅವನನ್ನು ಸಾಕಿದವರು ಅವರೇ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಬೇರು, ಎಲೆ ಅಡಿಕೆ... ಎಲ್ಲದರ ಮೇಲೆ ಹಸಿರು ಖಣದ ಬಟ್ಟೆಯಲ್ಲಿ ಸುತ್ತಿದ ಚಪ್ಪಟೆಯ ಡಬ್ಬಿ.

ಗುರುದೇವಿ ಸೆರಗಿನ ಮೇಲಿಂದಲೇ ಅದನ್ನು ಮುಟ್ಟಿ ನೋಡಹೋದಳು.

"ಉಡೀಗಿ ಬಂದದ್ದು ಆಗಿಂದಾಗೇ ಬಿಚ್ಚಿ ನೋಡಬಾರದು," ಎಂದು ತಾಯಿ ಕೈ ತಡೆದಳು. "ನಾಳಿ ದೇವರ ಮುಂದ ದೀಪಾ ಹಚ್ಚಿ ಬಿಚ್ಚು."

ಮರುದಿನ ಮುಂಜಾನೆ ದೀಪ ಹಚ್ಚಿ ಅವಳು ಖಣ ಬಿಚ್ಚಿದಳು.

ಒಳಗಿದ್ದುದು ಬೆಳ್ಳಿ ಬಣ್ಣದ ಟ್ಯಾಬ್.

*

ಅವಳು ಅಳಲಿಲ್ಲ. ಡಬ್ಬಿಯನ್ನು ತಿರುಗಿಸಿ ನೋಡಿದಳು, ಬೇರೆ ಏನಾದರೂ ಇದೆಯೋ ಎಂದು. ಇರಲಿಲ್ಲ.

'ಟ್ಯಾಬೇ ಸಾಕ್ರಿ ನಿಮಗ'... ಅಂಗಡಿಯಲ್ಲಿ ಅವನಾಡಿದ ಮೊದಲ ಮಾತು. ನಕ್ಕು ಸೋತಂತೆ ನಟಿಸಿ, ಕಡೆಗೆ ತನ್ನ ಮಾತನ್ನೇ ನಡೆಸಿದನಲ್ಲ... ಅಣ್ಣ ಕೇಳದೆಯೇ ನಿರ್ಧರಿಸುತ್ತಾನೆ. ಇವನು ಕೇಳಿ ನಿರ್ಧರಿಸಿದ. ಕೇಳದೆ ಇದ್ದಿದ್ದರೇ ಚೆನ್ನಾಗಿತ್ತು.

ಎದೆಯಲ್ಲಿ ಚುಚ್ಚುತ್ತಿದ್ದ ಸೂಜಿ ನಿಂತುಹೋಯಿತು.

ಸಂಜೆ ಅವನ ಫೋನ್ ಬಂತು.

"ಮುಟ್ಟಿತೇನ್ರಿ?"

"ಮುಟ್ಟಿತ್ರಿ."

"ಬರೋಬರಿ ಅದ?"

"ಅದ್ರಿ."

ಆ ಕಡೆ ಅವನು ಇನ್ನೂ ಏನನ್ನೋ ಕಾದ. ಬಳಿಕ, "ಈಗ ಕೈ ನಡಗೂದಿಲ್ಲ ಹೌದಲ್ರಿ?" ಎಂದ.

ಹಂಗಿಸುತ್ತಾನೆ ಎಂದುಕೊಂಡಳು. ಹಗುರವಾದದ್ದನ್ನು ಕೊಟ್ಟು ಹಂಗಿಸುತ್ತಾನೆ. ಅದಕ್ಕೂ ಸಿಟ್ಟು ಬರಲಿಲ್ಲ.

"ಇಲ್ರಿ. ನಡಗೂದಿಲ್ಲ."

ಒಂದೇ ಒಂದು ಪ್ರಶ್ನೆ ಆ ದಿನ ಯಾರ ಬಾಯಿಂದಲಾದರೂ ಬಂದಿದ್ದರೆ ಈ ಕಥೆ ಅಲ್ಲಿಯೇ ಮುಗಿಯುತ್ತಿತ್ತು. ಕೊಟ್ಟವನು 'ನಾನು ಕಳುಹಿಸಿದ್ದು ಇಂಥದ್ದು' ಎಂದು ಹೆಸರು ಹಿಡಿದು ಹೇಳಲಿಲ್ಲ. ಕೊಟ್ಟದ್ದರ ಹೆಸರು ಹೇಳುವುದು ಹಿರಿಮೆ ಕೊಚ್ಚಿದಂತೆ ಎಂದು ಅವನ ಭಾವನೆ. ಪಡೆದವಳು 'ಹೀಗೇಕೆ?' ಎನ್ನಲಿಲ್ಲ, ಉಡಿಗೆ ಬಂದದ್ದಕ್ಕೆ ಹೆಸರಿಡಬಾರದು ಎಂದು ಅವಳ ಮನೆಯ ಪಾಠ. ಇಂಥ ಮರ್ಯಾದೆಗಳಿಗೆ ಏನೆನ್ನಬೇಕು? ಎರಡು ಜೀವಗಳ ನಡುವೆ ಗೋಡೆ ಕಟ್ಟುವ ಸಭ್ಯತೆಯನ್ನು ನಾವು ಇನ್ನೂ ಎಷ್ಟು ಕಾಲ ಮಕ್ಕಳಿಗೆ ಕಲಿಸುವುದು?

ಗುರುದೇವಿ ಟ್ಯಾಬಿನಲ್ಲೇ ಕೆಲಸ ಆರಂಭಿಸಿದಳು. ಫೋಟೋ ಚೆನ್ನಾಗಿ ಬರುತ್ತಿದ್ದವು. ಬಿಸಿಲಿಗೆ ಅದು ಅಳುಕಲಿಲ್ಲ, ಧೂಳಿಗೆ ಕೆಡಲಿಲ್ಲ. ಅದು ತನ್ನ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿತು. ಆದರೆ ಬರೆಯುವಾಗ... ಗಾಜಿನ ಮೇಲೆ ಒಂದೊಂದೇ ಅಕ್ಷರ ಕುಟ್ಟುತ್ತ, ಬಾಗಿದ ಕುತ್ತಿಗೆ ನೋಯಲಾರಂಭಿಸಿದಾಗ, ಅವಳು ಒಂದು ಸಾಲು ಬಿಡತೊಡಗಿದಳು. ಬಳಿಕ ಎರಡು. ಬಳಿಕ ವಿವರಣೆಯೇ ಹೋಗಿ ಸೂಚನೆಯಷ್ಟೇ ಉಳಿಯಿತು.

ಟ್ಯಾಬಿನಲ್ಲೇ ಉದ್ದಕ್ಕೆ ಬರೆಯುವ ಜಾಣರು ಎಷ್ಟೋ ಮಂದಿ ಇದ್ದಾರೆ. ಅವಳಿಗೂ ಮನಸ್ಸಿದ್ದರೆ ಆಗುತ್ತಿತ್ತೇನೋ. ಮನಸ್ಸು ಇರಲಿಲ್ಲ. ಸಂಜೆ ಆಫೀಸಿನಲ್ಲಿ ಕೂತು ಬರೆಯಬಹುದಿತ್ತು, ಕೂರಲಿಲ್ಲ. ಗಾಜಿನ ಪಟ್ಟಿ ಎಷ್ಟಿತ್ತೋ ಅಷ್ಟಕ್ಕೆ ಅವಳು ತನ್ನನ್ನೇ ಕಿರಿದು ಮಾಡಿಕೊಂಡಳು.

ವಾರಕ್ಕೊಮ್ಮೆ ಫೋನು.

"ಕೆಲಸ ನಡದದ್ರಿ?"

"ನಡದದ್ರಿ."

ದಿನ ಹೋದಂತೆ ಅವನ ದನಿಯೂ ತಣ್ಣಗಾಗುತ್ತ ಬಂತು. ಅವಳು ಅದನ್ನು ಗಮನಿಸಿದಳು. ಗಮನಿಸಿ, ಸುಮ್ಮನಾದಳು.

*

ದೀಪಾವಳಿಯ ಹೊತ್ತಿಗೆ ರಾಮಸಮುದ್ರದ ದುರಗಮ್ಮ ಗುರುದೇವಿಯನ್ನು ತನ್ನ ಹೊಲದ ಮೂಲೆಗೆ ಕರೆದೊಯ್ದಳು. ಮಾತಿನಲ್ಲಿ ಎಂದೂ ಸಕ್ಕರೆ ಬೆರೆಸದ ಹೆಂಗಸು. ಹತ್ತಿ ಬಿಡಿಸಲೆಂದು ಸೀರೆಯ ಮೇಲೆ ಬಟ್ಟೆಯ ಉಡಿ ಕಟ್ಟಿಕೊಂಡಿದ್ದಳು. ಒಂದು ಕಾಯಿ ಒಡೆದು ಅಂಗೈಮೇಲಿಟ್ಟಳು. ಕಂದು ಹಿಡಿದ ಅರಳೆ. ಅದರ ನಡುವೆ ಗುಲಾಬಿ ಬಣ್ಣದ ಹುಳ.

"ಈ ಮೂಲಿ ಪೂರಾ ಹಿಂಗೇ ಅದ ನೋಡು, ತಂಗಿ."

"ಹೂವಿನ್ಯಾಗೇ ಗೊತ್ತಾಗಬೇಕಿತ್ತಲ್ಲ, ದುರಗಮ್ಮಕ್ಕ... ನಾ ಬರದು ಕಳಸಿದ್ನಲ್ಲ?"

"ಕಳಸಿದ್ದಿ. ಮಗಳ ಕಡಿಂದ ಓದಿಸಿದೆ. 'ಹೂ ಪರೀಕ್ಷಾ ಮಾಡ್ರಿ' ಅಂತ ಇತ್ತು. ಮಾಡಿದೆ. ಹೂ ಚಂದ ಇದ್ದವು. ಒಂದಷ್ಟು ಅರಳಿದ್ದಿಲ್ಲ, ನಾಳಿ ಅರಳತಾವ ಅಂದ್ಕೊಂಡು ಬಿಟ್ಟೆ."

ಗುರುದೇವಿ ನಿಂತಲ್ಲೇ ನಿಂತಳು. ಅರಳದ ಹೂವೇ ಗುರುತು! ಎಸಳುಗಳು ಒಂದಕ್ಕೊಂದು ಹೆಣೆದು ಗುಲಾಬಿ ಮೊಗ್ಗಿನಂತೆ ಮುದುಡಿದ್ದರೆ ಒಳಗೆ ಹುಳವಿದೆ. ಅದನ್ನು ಕಿತ್ತು ನಾಶಮಾಡಬೇಕು. ಹಿಂದಿನ ವರ್ಷ ಇದನ್ನೇ ಅವಳು ಚಿತ್ರ ಸಹಿತ ಉದ್ದಕ್ಕೆ ಬರೆದಿದ್ದಳು. ಈ ವರ್ಷ ಆ ಸಾಲುಗಳನ್ನು ಬಿಟ್ಟಿದ್ದಳು.

"ಮುದುಡಿದ ಹೂ ಕಿತ್ತು ಹಾಕಂತ ನಾ ಬರೀಲಿಲ್ಲ," ಎಂದಳು. ತನ್ನ ದನಿ ಯಾರದೋ ದನಿಯಂತೆ ಕೇಳಿಸಿತು.

"ಇಲ್ಲ, ಬರದಿದ್ದಿಲ್ಲ. ಹೋದ ವರ್ಷ ನೀ ಬರದದ್ದು ಓದಿದ್ರ ನೀ ಬದೀಗೇ ನಿಂತು ಮಾತಾಡಿದಂಗ ಇರತಿತ್ತು." ದುರಗಮ್ಮ ಕಾಯಿಯನ್ನು ಕಾಲಿನಿಂದ ಹೊಸಕಿದಳು. "ಈ ಸಲ ಯಾರೋ ದಾರಿ ಹೋಕರು ಕೂಗಿ ಹೇಳಿದಂಗ ಇತ್ತು. ಲಗ್ನದ ಹುಡುಗಿ, ಮನಸ್ಸು ಎಲ್ಲಿ ಅದನೋ ಅಂದ್ಕೊಂಡೆ."

ಅವಳ ಮನಸ್ಸು ಎಲ್ಲಿಯೂ ಇರಲಿಲ್ಲ. ಅದನ್ನು ದುರಗಮ್ಮನಿಗೆ ಹೇಗೆ ಹೇಳುವುದು?

ಅಂದು ಬಸ್ಸಿನಲ್ಲಿ ಭೀಮೆಯ ಸೇತುವೆ ದಾಟುವಾಗ ಗುರುದೇವಿ ಒಂದು ನಿರ್ಧಾರಕ್ಕೆ ಬಂದಳು. ತನ್ನನ್ನು ಯಾರಾದರೂ ಕಿರಿದು ಮಾಡಲಿ, ಸಹಿಸಬಹುದು. ತಾನು ಕಿರಿದಾದದ್ದರಿಂದ ಇನ್ನೊಬ್ಬಳ ಬೆಳೆ ಕೆಟ್ಟರೆ... ಅದನ್ನು ಸಹಿಸುವುದು ಪಾಪ.

ಮರುದಿನ ಟ್ಯಾಬನ್ನು ಹಿಂದಿರುಗಿಸಲೆಂದು ಅದೇ ಹಸಿರು ಖಣದಲ್ಲಿ, ಒಂದು ಹಿಡಿ ಅಕ್ಕಿಯೊಡನೆ ಕಟ್ಟಿದಳು.

ತಾಯಿಯ ಮುಖ ಬಿಳುಪೇರಿತು. "ಉಡೀಗಿ ಬಂದದ್ದು ಹೊಳ್ಳಿಸಿದ್ರ ಸಂಬಂಧ ಹೊಳ್ಳಿಸಿದಂಗ. ಗೊತ್ತದಿಲ್ಲ?"

"ಗೊತ್ತದ ಯವ್ವಾ."

*

ಅವಳನ್ನು ಕಂಡು ವಿಶ್ವರಾಧ್ಯ ತಟ್ಟನೆ ಎದ್ದ. ಅರಳಿದ ಮುಖ, ಅವಳು ಕೌಂಟರಿನ ಮೇಲಿಟ್ಟ ಗಂಟನ್ನು ನೋಡಿ ಹಾಗೆಯೇ ನಿಂತುಹೋಯಿತು.

"ಹೊಳ್ಳಿ ತಂದೀನ್ರಿ."

ಅವನು ಅದನ್ನು ಮುಟ್ಟಲಿಲ್ಲ.

"ನಿಮಗ ನನ್ನ ಮ್ಯಾಲ ಮನಸ್ಸಿಲ್ಲಂತ ನನಗ ಸುಳುವು ಸಿಕ್ಕಿತ್ರಿ," ಎಂದ. "ಇಷ್ಟ ದಿನದಾಗ ಅಕ್ಷರದ ಮಾತು ಒಂದ ಸಲಾನೂ ತಗೀಲಿಲ್ಲ ನೀವು."

"ಯಾವ ಅಕ್ಷರ?"

"ಕೀ ಮ್ಯಾಲ ಅಂಟಿಸಿದ್ನಲ್ರಿ, ಕನ್ನಡದ್ದು. ಒಂದೊಂದೇ ಕತ್ತರಿಸಿ. ನಿಮ್ಮ ಬೆರಳು ಹುಡುಕ್ಯಾಡಬಾರದಂತ... ಹೋಗಲಿ ಬಿಡ್ರಿ."

"ಗಾಜಿನ ಮ್ಯಾಲ ಅಕ್ಷರ ಎಲ್ಲಿ ಅಂಟಸ್ತಾರ್ರಿ?"

ಅವನು ಹುಬ್ಬು ಗಂಟಿಕ್ಕಿದ. ಗಂಟನ್ನು ಎಳೆದುಕೊಂಡು ಬಿಚ್ಚಿದ. ಅಕ್ಕಿ ಚೆಲ್ಲಿತು. ಬೆಳ್ಳಿ ಬಣ್ಣದ ಟ್ಯಾಬ್ ನೋಡಿ ಅವನ ಕೈ ಅಲ್ಲಿಯೇ ನಿಂತಿತು.

"ಇದು... ಇದು ನಮ್ಮತ್ತೀದು."

ಫೋನ್ ತೆಗೆದು, ಅವಳಿಗೂ ಕೇಳುವಂತೆ ಇಬ್ಬರ ನಡುವೆ ಇಟ್ಟ. ಸುರಪುರದಿಂದ ಬಸ್ಸಮ್ಮನ ಗಟ್ಟಿ ದನಿ ಬಂತು.

"ಏನೋ, ಉಂಡೇನು?"

"ಅತ್ತೀ, ಗೋಗಿಗಿ ಹೋದಾಗ ಉಡ್ಯಾಗ ಏನ್ ಹಾಕಿದಿ?"

"ಎಲ್ಲಾರೂ ಹಾಕೂದೇ. ಅಕ್ಕಿ, ಕೊಬ್ಬರಿ, ಉತ್ತತ್ತಿ..."

"ನಾ ಕೊಟ್ಟ ಡಬ್ಬಿ?"

"ಅದು ಕರೀದಿತ್ತಲ್ಲೋ. ಬಿಚ್ಚಿ ನೋಡಿದೆ, ಚೀಲಾನೂ ಕರೀದು. ಚೊಚ್ಚಲ ಉಡ್ಯಾಗ ಕರೀದು ಹಾಕತಾರೇನು? ಟ್ರಂಕಿನ್ಯಾಗ ಇಟ್ಟೀನಿ. ಲಗ್ನ ಆಗಿ ಬಂದ ಮ್ಯಾಲ ಆಕೀನೇ ತಗೋತಾಳ. ನನಗ ಪ್ರವಚನ ಕೇಳಾಕ ನೀ ಒಂದು ಕೊಟ್ಟಿದ್ದೆಲ್ಲ, ಬೆಳ್ಳೀ ಬಣ್ಣದ್ದು, ಅದನ್ನ ಹಾಕಿದೆ. ನಾ ಬಿಚ್ಚಿದ್ದೇ ಇಲ್ಲ, ಕೋರಾ ಮಾಲು."

"ನನಗ ಹೇಳಬಾರದಿತ್ತೇನು? ಅವು ಬ್ಯಾರೆ ಬ್ಯಾರೆ, ಅತ್ತಿ."

"ಏನ್ ಬ್ಯಾರೆ? ಎರಡೂ ಪಾಟೀನೇ ಅಲ್ಲೇನು? ಒಂದು ಕರೀದು, ಒಂದು ಬಿಳೀದು."

ವಿಶ್ವರಾಧ್ಯ ಹಣೆ ಹಿಡಿದುಕೊಂಡು ಸ್ಟೂಲಿನ ಮೇಲೆ ಕುಸಿದು ಕೂತ. ಗುರುದೇವಿ ಫೋನಿನತ್ತ ಬಾಗಿದಳು.

"ಅತ್ತೇರ, ನಾ ಗುರುದೇವಿ."

"ಯವ್ವಾ! ನೀನೂ ಅಲ್ಲೇ ಅದಿ?" ದನಿ ಮೆತ್ತಗಾಯಿತು. "ನಿನಗ ಕೆಡಕಾಗಬಾರದಂತ ನನ್ನದ ತಗದು ಕೊಟ್ಟೆ, ತಾಯಿ. ತಪ್ಪಾತೇನು?"

ತನ್ನದನ್ನೇ ತೆಗೆದು ಕೊಟ್ಟವರ ಮೇಲೆ ಸಿಟ್ಟಾಗುವುದು ಹೇಗೆ? ಆದರೂ ಹೇಳದೆ ಬಿಟ್ಟರೆ ಮತ್ತೆ ಅದೇ ಮೌನ.

"ಒಂದು ಮಾತು ಕೇಳಬೇಕಿತ್ರಿ."

"ಯಾರಿಗಿ?"

"ನನಗ."

"ಖರೇ ಅದ," ಎಂದರು ಬಸ್ಸಮ್ಮ. "ನಮ್ಮನ್ನ ಯಾರೂ ಕೇಳಿದ್ದಿಲ್ಲ ಯವ್ವಾ. ಅದಕ್ಕ ಕೇಳೂದು ನೆನಪಿಗೇ ಬರಲಿಲ್ಲ."

ಓದುಗರೇ, ಈ ಅನ್ಯಾಯದ ಬೇರು ಎಲ್ಲಿದೆ ನೋಡಿದಿರಾ? ಕೇಳಿಸಿಕೊಳ್ಳದೆ ಬೆಳೆದವಳು ಕೇಳದೆ ಬೆಳೆಸುತ್ತಾಳೆ. ಇದಕ್ಕೆ ನಾವಿಟ್ಟ ಹೆಸರು ಸಂಪ್ರದಾಯ.

ಫೋನ್ ಇಟ್ಟ ಮೇಲೆ ವಿಶ್ವರಾಧ್ಯ ತಲೆ ತಗ್ಗಿಸಿಯೇ ಮಾತಾಡಿದ.

"ಅತ್ತೀ ತಪ್ಪು ಒಂದು ದಿನದ್ದು. ನನ್ನದು ಇಷ್ಟೂ ದಿನದ್ದು. ಕೆಲಸ ನಡದದೇನ್ರಿ ಅಂತ ಕೇಳಿದೆ. ಈ ವಾರ ಏನ್ ಬರದ್ರಿ ಅಂತ ಕೇಳಿದ್ರ ಆವತ್ತೇ ಗೊತ್ತಾಗತಿತ್ತು."

"ನಾನೂ ಹೇಳಲಿಲ್ರಿ. ನೀವು ನಿಮ್ಮ ಮಾತೇ ನಡಸಿದ್ರಿ ಅಂದ್ಕೊಂಡು ಸುಮ್ನಾದೆ."

"ಈಗ... ಈ ಗಂಟು ಹೊಳ್ಳಿ ಒಯ್ತೀರೇನ್ರಿ?"

ಅವಳು ಗಂಟನ್ನು ನೋಡಿದಳು. ಚೆಲ್ಲಿದ ಅಕ್ಕಿಯನ್ನು ನೋಡಿದಳು. ಇಂಥ ಹೊತ್ತಿನಲ್ಲಿ ಕಣ್ಣು ತುಂಬಬೇಕು, ಎದೆ ಹಗುರವಾಗಬೇಕು. ಅವಳು ಕಾದಳು. ಏನೂ ಆಗಲಿಲ್ಲ.

"ಖುಷಿ ಆಗಬೇಕಿತ್ತು ನನಗ," ಎಂದಳು ನಿಧಾನವಾಗಿ. "ಆಗವಲ್ದ್ರಿ. ಏನೂ ಆಗವಲ್ದು. ಸುಳ್ಳು ಹೂಂ ಅನ್ನಾಕ ಮನಸ್ಸಿಲ್ಲ."

ಬೇರೆ ಯಾರಾದರೂ ಬೇಡಿಕೊಳ್ಳುತ್ತಿದ್ದರು, ಇಲ್ಲವೇ ಮುನಿಯುತ್ತಿದ್ದರು. ಅವನು ಅಕ್ಕಿಯನ್ನು ಒಂದೊಂದೇ ಕಾಳು ಕೂಡಿಸಿ ಖಣದೊಳಗೆ ಹಾಕಿದ.

"ಅನಬ್ಯಾಡ್ರಿ. ಇದು ಇಲ್ಲೇ ಕೌಂಟರ್ ಮ್ಯಾಲ ಇರಲಿ. ಹೊಳ್ಳಿಸಿದಂಗೂ ಅಲ್ಲ, ಇಟ್ಕೊಂಡಂಗೂ ಅಲ್ಲ. ನಿಮಗ ಯಾವಾಗ ಏನನಸತದೋ, ಆವಾಗ ಹೇಳ್ರಿ."

*

ಮುಂದಿನ ವಾರ, ರಾಮಸಮುದ್ರದ ಅದೇ ಹೊಲ. ಬಿಸಿಲು ಇಳಿಮುಖವಾಗಿತ್ತು. ಹೆಗಲಿಗೊಂದು ಚೀಲ ಹಾಕಿಕೊಂಡು ವಿಶ್ವರಾಧ್ಯ ಬದುವಿನ ಮೇಲೆ ಬರುವುದನ್ನು ಮೊದಲು ಕಂಡವಳು ದುರಗಮ್ಮ.

"ತಂಗಿ, ಪಟ್ಟಣದ ಪ್ರಾಣಿ ಒಂದು ಬರಾಕತ್ತದ. ನಿನ್ನ ಸಮೀಕ್ಷಾದಾಗ ಬರದುಕೋ."

ಅವನು ಹತ್ತಿರ ಬಂದು ಚೀಲದಿಂದ ಕಪ್ಪು ಲ್ಯಾಪ್‌ಟಾಪ್ ತೆಗೆದ. ಪ್ರತಿ ಕೀಲಿಯ ಮೇಲೂ ಪುಟ್ಟ ಬಿಳಿಯ ಕನ್ನಡ ಅಕ್ಷರ. ಒಂದೆರಡು ಸೊಟ್ಟಗೆ ಅಂಟಿದ್ದವು. ಬಳಿಕ ದಪ್ಪ ಕಪ್ಪು ಬಟ್ಟೆಯ ವಿಚಿತ್ರ ಹೊಲಿಗೆಯೊಂದನ್ನು ತೆಗೆದ.

"ಇದು ಲ್ಯಾಪ್‌ಟಾಪಿನ ಸಂಗಡ ಟ್ರಂಕಿನ್ಯಾಗೇ ಇತ್ರಿ. ನಮ್ಮ ಬಾಜೂ ಅಂಗಡಿ ಖುರ್ಷೀದಬೇಗಂ ಹೊಲಿದು ಕೊಟ್ಟಾರ. ಹತ್ತಿ ಬಿಡಸೋರು ಉಡಿ ಕಟ್ತಾರಲ್ಲ, ಅದನ್ನ ನೋಡಿ. ಎರಡೂ ಹೆಗಲಿಗಿ ಪಟ್ಟಿ, ನಡಕ್ಕ ಗಂಟು, ಮುಂದ ಒಂದು ಹಲಗಿ. ಯಂತ್ರ ಇದರ ಮ್ಯಾಲ ಕುಂದರತದ. ಎರಡೂ ಕೈ ಖಾಲಿ."

ಅಂದರೆ... 'ಭಾರದ ವಿಚಾರ ನಾ ಮಾಡತೀನಿ' ಎಂದವನು ನಿಜವಾಗಿಯೂ ಮಾಡಿದ್ದ. 'ಈಗ ಕೈ ನಡಗೂದಿಲ್ಲ ಹೌದಲ್ರಿ?' ಎಂದು ಅವನು ಕೇಳಿದ್ದು ಇದನ್ನು.

ದುರಗಮ್ಮ ಬಟ್ಟೆಯನ್ನು ಕಸಿದುಕೊಂಡು ತಿರುಗಿಸಿ ನೋಡಿದಳು. "ಗಂಟು ಹಿಂಗ ಹಾಕಿದ್ರ ನಡಾ ಕೊರೀತದ. ಬಾ ಇಲ್ಲೆ, ನಾ ಕಟ್ತೀನಿ." ತನ್ನದನ್ನು ಕಟ್ಟಿಕೊಂಡಂತೆಯೇ ಅವಳಿಗೂ ಬಿಗಿಯಾಗಿ ಕಟ್ಟಿದಳು.

ಗುರುದೇವಿ ಹತ್ತಿಯ ಸಾಲುಗಳ ನಡುವೆ ನಿಂತಳು. ಬರೆಯತೊಡಗಿದಳು. ಮುದುಡಿದ ಹೂವಿನ ಗುರುತು, ಅದನ್ನು ಕಿತ್ತು ನಾಶಮಾಡುವ ಬಗೆ. ಕೆಟ್ಟ ಕಾಯಿಯನ್ನು ಹೊಲದಲ್ಲೇ ಚೆಲ್ಲಬಾರದೇಕೆ. ಕಡೆಯ ಬಿಡಿಸುವಿಕೆಯಾದ ಮೇಲೆ ಹತ್ತಿ ಗಿಡದ ಕಟ್ಟಿಗೆಯನ್ನು ಬದುವಿಗೆ ಒಟ್ಟಬಾರದೇಕೆ. ಒಂದು ಸಾಲನ್ನೂ ಬಿಡಲಿಲ್ಲ. ಪರದೆಯನ್ನು ಹಿಂದಕ್ಕೆ ಮಡಚಿ ಮುದುಡಿದ ಹೂವಿನ ಚಿತ್ರ ಬರೆದಳು. ಮತ್ತೆ ಬಿಚ್ಚಿ ಬರೆದಳು. ಯಂತ್ರ ಕಾಯ್ದಾಗ ಅವನು ತನ್ನ ಟವೆಲನ್ನು ನೆರಳಾಗಿ ಹಿಡಿದ.

ಬರೆದದ್ದನ್ನು ದುರಗಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದಳು.

"ಹಾಂ. ಈಗ ನಮ್ಮ ತಂಗಿ ಬಂದ್ಳು ನೋಡು," ಎಂದು ದುರಗಮ್ಮ ತನ್ನ ಸಾಲಿಗೆ ಹೋದಳು.

ಆಗ ಗುರುದೇವಿಗೆ ಹೆಗಲು ಚುಚ್ಚತೊಡಗಿತು. ಮೊದಲು ಒಂದು ಎಳೆ. 'ಭಾರ ಅದ' ಎಂದು ಅವನು ಅಂದೇ ಹೇಳಿದ್ದು ನಿಜ. ಬಳಿಕ ಕುತ್ತಿಗೆ, ಎದೆ... ಎಷ್ಟೋ ತಿಂಗಳಿಂದ ಮಡಚಿ ಕೂತಿದ್ದುದೆಲ್ಲ ಒಮ್ಮೆಲೇ ಕಾಲು ಚಾಚಿದಂತೆ. ಕಣ್ಣು ತುಂಬಿ ಬಿಳಿಯ ಅಕ್ಷರಗಳು ಮಸುಕಾದವು.

ಅವನು ಗಾಬರಿಯಾದ. "ಯಾಕ್ರಿ? ಹೆಗಲು ನೋವಾಗಾಕತ್ತದೇನ್ರಿ?"

"ಹೂಂ. ಆಗಾಕತ್ತದ್ರಿ."

"ಬಿಚ್ಚಲೇನು?"

"ಬಿಚ್ಚಬ್ಯಾಡ್ರಿ." ಅವಳು ಕಣ್ಣೊರೆಸಿಕೊಳ್ಳಲಿಲ್ಲ. "ನೋವಾಗಾಕತ್ತದ ಅಂತ ಗೊತ್ತಾಗಾಕತ್ತದ. ಇರಲಿ."

ಅವನು ಟವೆಲನ್ನು ಹಿಡಿದೇ ನಿಂತ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಕೇಳಿದಳು.

"ಆ ಗಂಟು ಎಲ್ಲದ್ರಿ?"

"ಕೌಂಟರ್ ಮ್ಯಾಲೇ ಅದ. ಗಿರಾಕಿ ಕೇಳತಾರ, ಇದೇನು ಮಾರಾಕ ಇಟ್ಟೀರೇನು ಅಂತ."

"ನಾಳಿ ಬಂದು ಒಯ್ತೀನಿ. ಫೋಟೋಕ್ಕ ಅದೇ ಚಲೋ ಅದ." ಅವಳ ತುಟಿಯ ಮೇಲೆ ಬಹು ದಿನಗಳ ಮೇಲೆ ನಗು ಬಂದು ಕೂತಿತು. "ಅತ್ತೇರು ನಮ್ಮ ಮನೀಗಿ ಬಂದಾಗ ಸಂಜೀಕ ಪ್ರವಚನಾನೂ ಹಚ್ಚಿ ಕೊಡಬೇಕಲ್ಲ."

ಆ ಮಾತಿನ ಅರ್ಥ ತಿಳಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು. ತಿಳಿದಾಗ ಟವೆಲ್ ಹಿಡಿದ ಕೈ ಸಣ್ಣಗೆ ನಡುಗಿತು.

"ಕೈ ನಡಗಾಕತ್ತಾವ್ರಿ ನಿಮ್ಮವು," ಎಂದಳು ಗುರುದೇವಿ.

"ನಡಗಲಿ," ಎಂದ ವಿಶ್ವರಾಧ್ಯ. "ಈ ವಾರ ಏನ್ ಬರದ್ರಿ, ನನಗೂ ಒಂದ ಸಲ ಓದಿ ಹೇಳ್ರಿ. ಮೊದಲಿಂದ."

ಅವಳು ಮೊದಲಿನಿಂದ ಓದತೊಡಗಿದಳು.

ಅವಳು ಓದುತ್ತಿರಲಿ. ನೀವು ಈ ಪುಟವನ್ನು ಮುಚ್ಚಿ ಎದ್ದೇಳಿ. ನಿಮ್ಮ ಮನೆಯಲ್ಲಿ ಕೆಲಸ ಮುಗಿಸಿ ಬಂದು ಸುಮ್ಮನೆ ಕೂತಿರುವವಳ ಬಳಿ ಹೋಗಿ, 'ಇವತ್ತು ಏನು ಮಾಡಿದೆ?' ಎಂದು ಕೇಳಿ. 'ಏನಿಲ್ಲ' ಎಂದರೆ ಎದ್ದು ಬರಬೇಡಿ. ಅವಳ ಉತ್ತರ ಮುಗಿಯುವವರೆಗೆ ದಯಮಾಡಿ ಅಲ್ಲಿಯೇ ಕೂತಿರಿ.